ಬುಜ್ಜಿಯ ಪಥ್ಯ

ಇದು ನಡೆದದ್ದು ಹೋದ ವರ್ಷ, ಮಾವು ಹೂ ಬಿಡುವ ಕಾಲದಲ್ಲಿ. ನಾನಾಗ ರಾಯಲ್ಪಾಡಿನ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಫ್ಯಾಟ್ ಪರೀಕ್ಷೆ ಮಾಡುತ್ತಿದ್ದೆ. ನನ್ನ ಬೆಕ್ಕು ಬುಜ್ಜಿ ಎಷ್ಟು ದಪ್ಪಗಾಗಿತ್ತೆಂದರೆ ಅದಕ್ಕೆ ಕಿಟಕಿ ಹತ್ತುವುದಕ್ಕೂ ಏದುಸಿರು ಬರುತ್ತಿತ್ತು.

"ಹಾಲು ನಿಲ್ಲಿಸಿ, ಬೇಯಿಸಿದ ಕೋಳಿ ಅಳತೆಯಲ್ಲಿ ಕೊಡಿ. ಇಲ್ಲದಿದ್ದರೆ ಇದು ಜಾಸ್ತಿ ದಿನ ಬದುಕಲ್ಲ" ಎಂದರು ಪಶುವೈದ್ಯರು.

ಹೆದರಿ ಅಂದೇ ಹಾಲು ನಿಲ್ಲಿಸಿದೆ; ಡೇರಿಗೆ ಬರುವವರಿಗೂ ಅದಕ್ಕೆ ಹಾಲು ಹಾಕಬೇಡಿ ಎಂದು ಹೇಳಿದೆ. ಕೋಳಿಯನ್ನು ತೂಗಿಯೇ ಹಾಕಿದೆ. ತಿಂಗಳಾದ ಮೇಲೆ ನೋಡಿದರೆ ಬುಜ್ಜಿಯ ತೂಕ ಮುನ್ನೂರು ಗ್ರಾಂ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಬುಜ್ಜಿ ಎಂದಿನಂತೆ ನನ್ನ ಹಿಂದೆಯೇ ಡೇರಿಗೆ ಬಂದಾಗ, ಯಾರಾದರೂ ಅದಕ್ಕೆ ಹಾಲು ಕೊಡುತ್ತಾರೇನೋ ನೋಡಲು ಬಾಗಿಲ ಮರೆಯಲ್ಲಿ ನಿಂತೆ. ಹಾಲು ಹಾಕಲು ಸಾಲಿನಲ್ಲಿದ್ದ ನಾರಾಯಣಮ್ಮ ಕ್ಯಾನಿನ ಮುಚ್ಚಳಕ್ಕೆ ಒಂದು ಗುಟುಕು ಬಗ್ಗಿಸಿ ಬುಜ್ಜಿಯ ಮುಂದಿಟ್ಟರು.

"ಏನಕ್ಕಾ ಇದು? ಹಾಲು ಹಾಕಬೇಡಿ ಅಂದಿದ್ದೆನಲ್ಲ!"

"ನಿನ್ನ ಮಿಷನ್ನು ದಿನಕ್ಕೊಂದು ಫ್ಯಾಟು ಹೇಳ್ತದೆ ಕಣಪ್ಪಾ. ಬೆಕ್ಕು ಬಾಯಿ ಹಾಕಿದ್ರೆ ಹಾಲು ಗಟ್ಟಿ ಅಂತ ನಮಗೆ ಧೈರ್ಯ. ಅದು ಸುಳ್ಳು ಹೇಳಲ್ಲ."

"ಎಲ್ಲರೂ ಹೀಗೇ ಮಾಡ್ತೀರಾ?"

"ಮತ್ತೆ? ಅದು ನನ್ನೊಬ್ಬಳ ಹಾಲು ರುಚಿ ನೋಡಿದ್ರೆ ಮಿಕ್ಕೋರು ಸುಮ್ನಿರ್ತಾರಾ?"

ಒಳಗೆ ಹೋಗಿ ಸದಸ್ಯರ ಪಟ್ಟಿ ತೆಗೆದೆ. ದಿನಕ್ಕೆರಡು ಹೊತ್ತು ಹಾಲು ಹಾಕುವವರು ಅರವತ್ತೊಂದು ಜನ.