ಹೆಗ್‌ಸ್ಟಾಡನ ಹುಲ್ಲುಗಾವಲಿಗೆ ಕುರಿ ಬಂದದ್ದು

ನಮ್ಮ ಮೊಂಟಾನಾ ಬಯಲಿನಲ್ಲಿ ದನ ಸಾಕುವವರಿಗೂ ಕುರಿ ಸಾಕುವವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅದರಲ್ಲೂ ನನ್ನ ಪಕ್ಕದ ಜಮೀನಿನ ಥೋರ್ವಾಲ್ ಹೆಗ್‌ಸ್ಟಾಡ್ ಕುರಿ ಎಂಬ ಪದವನ್ನೇ ಬಾಯಲ್ಲಿ ಆಡುತ್ತಿರಲಿಲ್ಲ. ಮದುವೆಯಾಗದ ಆಸಾಮಿ. ಅಕ್ಕ ಸಿಗ್ನೆ ಮನೆ ನೋಡಿಕೊಳ್ಳುತ್ತಿದ್ದಳು.

ಆ ವರ್ಷ ಹಿಮ ಕರಗಿದ್ದೇ ತಡ, ಅವನ ಬಯಲಿನ ತುಂಬ ಲಾರ್ಕ್‌ಸ್ಪರ್ ಹೂವು. ಹಿಂದೆ ಪುಟ್ಟ ಬಾಲವಿರುವ ನೀಲಿ ಹೂವು, ನೋಡಲು ಬಲು ಚೆಂದ. ದನ ತಿಂದರೆ ಮಾತ್ರ ಕಾಲು ನಡುಗಿ, ಹೊಟ್ಟೆ ಉಬ್ಬಿ, ಬಿದ್ದಲ್ಲೇ ಪ್ರಾಣ ಬಿಡುತ್ತದೆ. ತಾಯಿಯ ಹೆಸರಿಟ್ಟು ಸಾಕಿದ್ದ ಹಸುವೂ ಹೋಯಿತು. ಥೋರ್ವಾಲ್ ಗುದ್ದಲಿ ಹಿಡಿದು ಅಗೆದ; ಸೊಂಟ ಹಿಡಿದುಕೊಂಡಿತೇ ಹೊರತು ಹೂವು ಕಡಿಮೆಯಾಗಲಿಲ್ಲ.

"ಈ ಹೂವನ್ನ ಕುರಿ ತಿಂದ್ರೆ ಏನೂ ಆಗಲ್ವಂತೆ ಕಣೋ. ಗ್ರಾಸಿಯಾನಾನ ಕೇಳು," ಎಂದಳು ಸಿಗ್ನೆ. ಗ್ರಾಸಿಯಾನಾ ಗುಡ್ಡದಾಚೆಯ, ಸ್ಪೇನ್ ಕಡೆಯಿಂದ ಬಂದ ಬಾಸ್ಕ್ ಜನಾಂಗದ ವಿಧವೆ, ದೊಡ್ಡ ಮಂದೆಯ ಒಡತಿ.

"ಸತ್ರೂ ಕೇಳಲ್ಲ."

"ಸಾಯ್ತಿರೋದು ನೀನಲ್ಲ, ದನ."

ಕೊನೆಗೆ ಹೋದ. ಟೋಪಿ ತೆಗೆದು ಬೇಲಿಯ ಬಳಿ ನಿಂತು, "ನಿಮ್ಮ... ಆ ಪ್ರಾಣಿಗಳನ್ನ ಸ್ವಲ್ಪ..." ಎಂದ.

"ಯಾವ ಪ್ರಾಣಿ?"

"ಅದೇ, ಉಣ್ಣೆ ಇರೋವು."

"ಹೆಸರು ಹೇಳಿ ಕೇಳಿದ್ರೆ ಕಳಿಸ್ತೀನಿ."

"ಕುರಿ," ಎಂದು ಗೊಣಗಿದ.

"ಕೇಳಿಸ್ಲಿಲ್ಲ ನಂಗೆ."

"ಕುರೀ!" ಎಂದು ಅರಚಿದ. ಇಡೀ ಮಂದೆ ಮೇವು ಬಿಟ್ಟು ತಲೆಯೆತ್ತಿ ನೋಡಿತು.

ಊರವರೆಲ್ಲ ಚರ್ಚಿನಲ್ಲಿರುವ ಭಾನುವಾರ ಬೆಳಗ್ಗೆ ಸದ್ದಿಲ್ಲದೆ ಕರೆತರುವುದೆಂದು ಅವನೇ ಗೊತ್ತುಮಾಡಿದ. ಆದರೆ ಅಂದು ಪಾದ್ರಿಗೆ ಗಂಟಲು ಕಟ್ಟಿತ್ತು. ಪ್ರಾರ್ಥನೆ ಬೇಗ ಮುಗಿಯಿತು. ನಾವೆಲ್ಲ ಹೊರಗೆ ಬರುವಾಗ ರಸ್ತೆ ತುಂಬ ಕುರಿ. ಮುಂದೆ ಓಟ್ಸ್ ತುಂಬಿದ ಬಕೆಟ್ ಅಲ್ಲಾಡಿಸುತ್ತ ಥೋರ್ವಾಲ್, ಹಿಂದೆ ಗ್ರಾಸಿಯಾನಾ, ಅವಳ ನಾಯಿ. ಬಕೆಟ್ ಇಲ್ಲದಿದ್ದರೆ ಅವು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲವಂತೆ.

"ಏನೋ ಥೋರ್ವಾಲ್, ಮತ ಬದಲಾಯಿಸ್ಬಿಟ್ಯಾ?" ಎಂದು ಮುದುಕ ಆರ್ನೆ ಕೂಗಿದ.

ಥೋರ್ವಾಲನ ಕಿವಿ ಕೆಂಪಾಯಿತು. "ಕಳೆ ಕೀಳೋಕೆ ಕೂಲಿಯವರನ್ನ ಕರ್ಕೊಂಡ್ ಹೋಗ್ತಿದ್ದೀನಿ. ದಾರಿ ಬಿಡ್ರಯ್ಯಾ!"

ನಕ್ಕೂ ನಕ್ಕೂ ನಮಗೆ ಹೊಟ್ಟೆನೋವು ಬಂತು. ಆದರೆ ಕುರಿಗಳು ಹೂವನ್ನೆಲ್ಲ ಬೋಳಿಸಿದವು, ಒಂದಕ್ಕೂ ಏನೂ ಆಗಲಿಲ್ಲ. ಆಮೇಲೆ ಬಿಟ್ಟ ದನಗಳಲ್ಲಿ ಆ ಬೇಸಿಗೆ ಒಂದೂ ಸಾಯಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವಸಂತದಲ್ಲೂ ಮಂದೆ ಬರುತ್ತಿತ್ತು. ಥೋರ್ವಾಲ್, ಗ್ರಾಸಿಯಾನಾ ಬೇಲಿಗೊರಗಿ ಕಾಫಿ ಕುಡಿಯುತ್ತ ಜಗಳವಾಡುತ್ತಿದ್ದರು. ಇಬ್ಬರ ಮದುವೆ ಇಂದೋ ನಾಳೆಯೋ ಎಂದು ಊರೆಲ್ಲ ಕಾಯುತ್ತಿತ್ತು. ಮದುವೆಯೇನೋ ಆಯಿತು: ಸಿಗ್ನೆಗೂ, ಗ್ರಾಸಿಯಾನಾಳ ಮೈದುನನಿಗೂ! ಅಕ್ಕ ಗಂಟುಮೂಟೆ ಕಟ್ಟಿಕೊಂಡು ಗುಡ್ಡದಾಚೆ ಹೋದ ದಿನ ಥೋರ್ವಾಲ್ ನಮ್ಮ ಮನೆಗೆ ಬಂದು, ಆಲೂಗಡ್ಡೆ ಬೇಯೋಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದ.

ಈಗ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಾನೆ. ಭಾನುವಾರ ಮಾತ್ರ ಗುಡ್ಡ ದಾಟಿ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಾನೆ. ಅಲ್ಲಿ ಮಟನ್ ಬಡಿಸಿದರೆ ಏನಿದು ಎಂದು ಕೇಳುವುದಿಲ್ಲವಂತೆ. ಇನ್ನೊಂದು ಸೌಟು ಹಾಕು ಎಂದಷ್ಟೇ ಹೇಳುತ್ತಾನಂತೆ.