ಎಡಗೈಲಿ ಉಂಡ ಸಿಪಾಯಿ

ನಮ್ಮಣ್ಣ ಎಡಚ. ಚಿಕ್ಕವನಾಗಿದ್ದಾಗ ಅವ್ವ ಅವನ ಎಡಗೈಯನ್ನು ಬೆನ್ನಿಗೆ ಕಟ್ಟಿ ಉಣ್ಣಲು ಕೂರಿಸಿದಳಂತೆ, ಮುದ್ದೆ ಕೋಲಿನಿಂದ ಮೊಣಕೈಗೆ ಬಾರಿಸಿದಳಂತೆ, ಮುಂದಿದ್ದ ತಟ್ಟೆಯನ್ನೇ ಕಿತ್ತುಕೊಂಡಳಂತೆ. ಏನೂ ನಡೆಯಲಿಲ್ಲ. ಕಟ್ಟು ಬಿಚ್ಚಿದ ಗಳಿಗೆಯೇ ಎಡಗೈ ಮುದ್ದೆಗೆ ಹೋಗುತ್ತಿತ್ತು. ನೆಂಟರ ಮನೆಯ ಪಂಕ್ತಿಯಲ್ಲಿ ಅವನನ್ನು ಕಟ್ಟಕಡೆಗೆ, ಗೋಡೆ ಪಕ್ಕಕ್ಕೆ ಕೂರಿಸುತ್ತಿದ್ದರು. ಅವ್ವನಿಗೆ ಅದೊಂದು ಕೊರಗು. ಆ ಕೊರಗು ಮುಂದೆ ನಮ್ಮ ಮನೆಯ ಒಂದು ಹೆಣ್ಣಿನ ಬದುಕನ್ನು ತಿಂದುಹಾಕಿತು. ಅವ್ವನೊಬ್ಬಳ ತಲೆಗೇ ಇದನ್ನು ಕಟ್ಟಲಾರೆ. ನಾನೂ ತಿಂದಿದ್ದೇನೆ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಮ್ಮದು ರಾವಂದೂರಿಗೆ ಎರಡು ಮೈಲಿ ದೂರದ ಹಳ್ಳಿ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಬ್ರಿಟಿಷರ ಕಾಲದ ಆ ದೊಡ್ಡ ಯುದ್ಧ ಶುರುವಾದ ಮೇಲೆ ರಾವಂದೂರಿನ ಸಂತೆಗೆ ಮಿಲಿಟರಿಯವರು ಬಂದು ಎದೆ ಅಳೆದು, ಹಲ್ಲು ನೋಡಿ ಗಂಡಾಳುಗಳ ಹೆಸರು ಬರೆದುಕೊಂಡು ಹೋಗುತ್ತಿದ್ದರು. ಸಂತೆಯಲ್ಲಿ ಎತ್ತಿನ ಹಲ್ಲನ್ನೂ ಹಾಗೇ ನೋಡುತ್ತಾರೆ. ರಾಗಿ ಮಾರಲು ಹೋಗಿದ್ದ ಅಣ್ಣ ಹೆಸರು ಬರೆಸಿ ಬಂದ. ಅವನ ಮದುವೆಯಾಗಿ ಏಳು ತಿಂಗಳೂ ಆಗಿರಲಿಲ್ಲ. ಕೆಲವು ಕಾಗದ ಬಂದವು, ಆಮೇಲೆ ನಿಂತವು. ಕಡೆಗೆ ಮಿಲಿಟರಿಯಿಂದಲೇ ಒಂದು ಕಾಗದ ಬಂತು. ಮೇಷ್ಟರು ಅದನ್ನು ಎರಡು ಸಲ ಓದಿಕೊಂಡು, ಆಮೇಲೆ ನಮಗೆ ಹೇಳಿದರು: ಆಳು ಪತ್ತೆಯಿಲ್ಲ, ಬದುಕಿರುವ ಭರವಸೆಯೂ ಇಲ್ಲ.

ಅತ್ತಿಗೆಗೆ ಆಗ ಹದಿನೆಂಟು. ಕೊಟ್ಟಿಗೆಯಲ್ಲಿ ಕೂತು ಅತ್ತಳು, ಹಟ್ಟಿ ಬಾಚುತ್ತ ಅತ್ತಳು, ಒಂದು ದಿನ ಅಳು ನಿಲ್ಲಿಸಿದಳು. ನಮ್ಮ ಜನದಲ್ಲಿ ಸೀರುಡಿಕೆ ಎಂದು ಒಂದು ಪದ್ಧತಿಯಿತ್ತು. ಗಂಡ ಸತ್ತ ಹೆಣ್ಣಿಗೆ ವಾಲಗವಿಲ್ಲ, ಚಪ್ಪರವಿಲ್ಲ. ಒಂದು ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸಿಕೊಡುವುದು. ವರ್ಷ ಕಾದು ಅವಳ ತವರಿನವರು ಗಾವಡಗೆರೆ ಕಡೆಯ ಒಬ್ಬನನ್ನು ನೋಡಿದರು. ಹೆಂಡತಿ ಸತ್ತವನು, ಮಕ್ಕಳಿಲ್ಲ. ಊರ ಯಜಮಾನರು ಸೋಮವಾರ ನಮ್ಮ ಮನೆಯಲ್ಲಿ ಕೂತು ತೀರ್ಮಾನಿಸುವುದೆಂದು ಮಾತಾಯಿತು. ಅಣ್ಣ ಸತ್ತನೆಂದು ಅವ್ವ ಆ ದಿನ ಒಪ್ಪಿಕೊಳ್ಳಬೇಕು, ತಿಥಿ ಮಾಡಬೇಕು, ಆಮೇಲೆ ಸೀರೆ.

"ಅಲ್ಲಿ ಕೆರೆ ಕೆಳಗೆ ಗದ್ದೆ ಅದಂತೆ ಕಣಮ್ಮಿ," ಎಂದು ಅತ್ತಿಗೆ ನನ್ನ ತಲೆ ಬಾಚುತ್ತ ಹೇಳಿದಳು. "ದಿನಾ ಅನ್ನ. ನೀನು ಬಂದ್ರೆ ನಿಂಗೂ ಇಕ್ತೀನಿ."

ಅವಳು ನಕ್ಕಳು. ನಾನು ಮೂರನೇ ಕ್ಲಾಸು ಬಿಟ್ಟು ಮನೆಯಲ್ಲಿದ್ದ ಹುಡುಗಿ. ನನಗೆ ಜಡೆ ಹಾಕುವವಳು ಅವಳು, ಮಗ್ಗುಲಲ್ಲಿ ಮಲಗಿಸಿಕೊಳ್ಳುವವಳು ಅವಳು. ಅವ್ವನಿಗೆ ನನ್ನ ಮುಖ ನೋಡಲೂ ಪುರುಸೊತ್ತಿರಲಿಲ್ಲ. ಇವಳು ಹೋದರೆ ನನಗೆ ಯಾರು? ಆ ನಗು ನನಗೆ ಸಹಿಸಲಾಗಲಿಲ್ಲ.

ಸೋಮವಾರಕ್ಕೆ ಮೂರು ದಿನ ಮೊದಲು ತಮಟೆ ಹೊಡೆದು ಸಾರಿದರು. ಸರ್ಕಾರದ ವ್ಯಾನು ಬಂದಿದೆ, ರಾವಂದೂರಿನ ಸಂತೆ ಮಾಳದಲ್ಲಿ ಯುದ್ಧದ ಸಿನಿಮಾ ತೋರಿಸುತ್ತಾರೆ, ಮನೆಗೊಬ್ಬರಾದರೂ ಬರಬೇಕು. ಅವ್ವ ನನ್ನ ಕೈ ಹಿಡಿದುಕೊಂಡು ಹೊರಟಳು. ಅತ್ತಿಗೆಯನ್ನು ಕರೆಯಲಿಲ್ಲ. ಸೀರುಡಿಕೆಗೆ ನಿಂತವಳು ನಾಲ್ಕು ಜನರ ಮಧ್ಯೆ ಕೂತರೆ ಚೆನ್ನಾಗಿರುವುದಿಲ್ಲವಂತೆ.

ಮಾಳದ ನಡುವೆ ಎರಡು ಬೊಂಬಿಗೆ ಬಿಳಿ ಬಟ್ಟೆ ಕಟ್ಟಿದ್ದರು. ವ್ಯಾನು ನಿಂತ ಕಡೆ ಗಂಡಸರು. ಬಟ್ಟೆಯ ಆಚೆ ಕಡೆ, ಹಿಂದುಗಡೆ, ಹೆಂಗಸರು ಮಕ್ಕಳು. ಗಂಡಸರ ಜೊತೆ ನಾವು ಕೂರುವ ಹಾಗಿರಲಿಲ್ಲ. ಬಟ್ಟೆಗೆ ನೀರು ಚಿಮುಕಿಸಿದ್ದರಿಂದ ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಕತ್ತಲಾಗುತ್ತಲೇ ಶುರು ಮಾಡಿದರು. ವಿಮಾನ ಬಂತು, ಫಿರಂಗಿ ಹಾರಿತು, ಮರ ಬಿತ್ತು. ಒಬ್ಬ ಮೈಕು ಹಿಡಿದುಕೊಂಡು ನಾವು ಗೆಲ್ಲುತ್ತಿದ್ದೇವೆ, ನಾವು ಗೆಲ್ಲುತ್ತಿದ್ದೇವೆ ಎಂದು ಒದರುತ್ತಿದ್ದ. ಅವನ ಗೆಲುವಿಗೆ ಬೆಂಕಿ ಬೀಳ. ಅವ್ವ ಒಂದಕ್ಕೂ ಬೆಚ್ಚಲಿಲ್ಲ. ಸಿಪಾಯಿಗಳ ಮುಖ ಬಂದಾಗ ಮಾತ್ರ ಕತ್ತು ಮುಂದೆ ಚಾಚುತ್ತಿದ್ದಳು.

ಫಿರಂಗಿ ಎಲ್ಲಾ ಆದ ಮೇಲೆ ಊಟ ತೋರಿಸಿದರು. ಒಬ್ಬ ಸಿಪಾಯಿ ಕಲ್ಲಿನ ಮೇಲೆ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಟೋಪಿಯ ನೆರಳಲ್ಲಿ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ತೆಳ್ಳಗೆ ಉದ್ದಕ್ಕೆ ಅಣ್ಣನಂತೆಯೇ ಇದ್ದ. ಉಣ್ಣುತ್ತಿದ್ದುದು ಎಡಗೈಯಲ್ಲಿ.

ಅವ್ವ ನನ್ನ ತೊಡೆಯನ್ನು ಹಿಂಡಿದಳು, ಉಗುರು ನಾಟುವ ಹಾಗೆ. "ನನ್ ಮಗ," ಅಂದಳು. "ನೋಡಮ್ಮಿ, ಎಡಗೈ. ಎಷ್ಟು ಹೊಡ್ದೆ ನಾನು, ಅಲ್ಲೂ ಬುಟ್ಟಿಲ್ಲ ಮುಂಡೇದು." ಹೊಡೆದ ಕೈಯನ್ನೇ ಎದೆಗೆ ಒತ್ತಿಕೊಂಡು ಅಳುತ್ತ ನಗುತ್ತಿದ್ದಳು. ಅಕ್ಕಪಕ್ಕದ ಹೆಂಗಸರೂ ನೋಡಿದರು. ಎಡಗೈಯೇ, ಅನುಮಾನವಿಲ್ಲ.

ಜನ ಏಳಲಿಲ್ಲ. ದೂರದ ಹಳ್ಳಿಯವರು ಆಗ ತಾನೇ ಬಂದಿದ್ದರು, ಅವರಿಗಾಗಿ ಅದೇ ಸಿನಿಮಾ ಮತ್ತೆ ಹಾಕಿದರು. ಅವ್ವ ನನ್ನನ್ನು ದೂಡಿದಳು. "ಓಗು, ಆ ವ್ಯಾನ್ನೋರ್ ಕೇಳ್ಕೊಂಡ್ ಬಾ. ಆ ಹೈದ ಈಗ ಎಲ್ಲವ್ನೆ ಅಂತ ಕೇಳು."

ನಾನು ಬಟ್ಟೆಗೆ ಸುತ್ತು ಹಾಕಿ ಗಂಡಸರ ಕಡೆಗೆ ಓಡಿದೆ. ವ್ಯಾನಿನವನು ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಯಾವ ಸಿಪಾಯಿ ಎಲ್ಲಿದ್ದಾನೋ ನನಗೇನು ಗೊತ್ತು, ದಾರಿ ಬಿಡು ಅಂದ. ವಾಪಸು ತಿರುಗುವಷ್ಟರಲ್ಲಿ ಮತ್ತೆ ಆ ಕಲ್ಲು ಬಂತು, ಆ ತಟ್ಟೆ ಬಂತು, ಆ ಸಿಪಾಯಿ ಬಂದ. ಬಲಗೈಯಲ್ಲಿ ಉಣ್ಣುತ್ತಿದ್ದ.

ನಾನು ಅಲ್ಲೇ ನಿಂತೆ. ಅದಕ್ಕೆ ಮುಂಚೆ ಹಿಂದುಗಡೆ ಕೂತು ಸೈನಿಕರ ಸಾಲು ಎಡದಿಂದ ಬಲಕ್ಕೆ ನಡೆದದ್ದನ್ನು ನೋಡಿದ್ದೆ. ಈ ಕಡೆಯಿಂದ ನೋಡಿದರೆ ಅದೇ ಸಾಲು ಬಲದಿಂದ ಎಡಕ್ಕೆ ನಡೆಯುತ್ತಿತ್ತು. ನನಗೆ ಗೊತ್ತಾಯಿತು. ಬಟ್ಟೆಯ ಹಿಂದೆ ಕೂತವರಿಗೆ ಎಲ್ಲವೂ ತಿರುಗಾಮುರುಗಾ. ಅಲ್ಲಿಂದ ನೋಡಿದರೆ ಲೋಕದ ಸಿಪಾಯಿಗಳೆಲ್ಲ ಎಡಚರೇ. ಅವನು ನಮ್ಮಣ್ಣನಲ್ಲ, ಯಾವ ತಾಯಿಯ ಮಗನೋ.

ಹಿಂದಕ್ಕೆ ಬಂದೆ. ಅವ್ವ ನನ್ನ ಎರಡೂ ಭುಜ ಹಿಡಿದುಕೊಂಡಳು. "ಎಲ್ಲವ್ನೆ ಅಂತ ಗೊತ್ತಿಲ್ವಂತೆ," ಅಂದೆ. "ಓಗ್ಲಿ ಬುಡು. ಆ ಕಡೆಯಿಂದ್ಲೂ ನೋಡ್ದಾ? ಅವ್ನೇ ಅಲ್ವಾ?" ಅಂದಳು.

ನನ್ನ ಕಣ್ಣ ಮುಂದೆ ಅತ್ತಿಗೆ ನಗುತ್ತಿದ್ದಳು. ಗಾವಡಗೆರೆಯ ಗದ್ದೆ, ಅವಳ ಅನ್ನ. "ಊಂ," ಅಂದೆ.

ಅವ್ವನ ಮೇಲಿನ ಕರುಣೆಯಿಂದ ಹಾಗೆ ಅಂದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಅತ್ತಿಗೆ ಹೋಗಬಾರದು ಎಂಬ ಒಂದೇ ಹಟ ಇದ್ದದ್ದು.

ಸೋಮವಾರ ಯಜಮಾನರು ಬಂದರು. ಅತ್ತಿಗೆಯ ಅಣ್ಣ ಹೊಸ ಸೀರೆಯನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದ. ಅವ್ವ ನಡುಮನೆಯಲ್ಲಿ ನಿಂತು, "ನನ್ ಮಗ ಬದ್ಕವ್ನೆ, ಕಣ್ಣಾರ ಕಂಡಿವ್ನಿ. ತಿಥಿ ಮಾಡಕ್ಕಿಲ್ಲ," ಅಂದಳು.

ಹಿರಿಯ ಯಜಮಾನರು ಮುಂದುಗಡೆ ಕೂತು ಸಿನಿಮಾ ನೋಡಿದ್ದವರು. "ಅಲ್ಲ ಕಣವ್ವ, ನಾವೂ ನೋಡುದ್ವಲ್ಲ, ಅವ್ನು ಬಲಗೈಲೇ ಉಣ್ತಿದ್ದ," ಅಂದರು.

"ನೀವು ಕೋವಿ ನೋಡ್ತಾ ಕೂತಿದ್ರಿ ಅಣ್ಣಯ್ಯ. ಇಪ್ಪತ್ತೊರ್ಸ ಉಣ್ಣಕ್ಕಿಕ್ಕಿದೋಳು ನಾನು. ಬೇಕಾದ್ರೆ ಕೂಸ್ನ ಕೇಳಿ. ಅದು ನಿಮ್ ಕಡೆಯಿಂದ್ಲೂ ನೋಡ್ಯದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಸಂದಿಯಿಂದ ಅತ್ತಿಗೆಯೂ ನೋಡುತ್ತಿದ್ದಳು. ಯಜಮಾನರು ಕೇಳಿದರು, ನಾನು ಹೇಳಿದೆ: "ಎಡಗೈಲೇ ಉಣ್ತಿದ್ದ. ನಮ್ಮಣ್ಣನೇ." ಮಗು ಸುಳ್ಳು ಹೇಳುವುದಿಲ್ಲ ಎಂದು ಆ ಹಿರಿಯರು ಎದ್ದು ಪಂಚೆ ಕೊಡವಿಕೊಂಡರು. ಬಟ್ಟೆಗೆ ಎರಡು ಬದಿ ಉಂಟು ಎಂಬುದು ಅಷ್ಟು ಜನ ಮೀಸೆ ಹೊತ್ತವರಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಅತ್ತಿಗೆಯ ಅಣ್ಣ ಸೀರೆಯ ಚೀಲ ಎತ್ತಿಕೊಂಡು ಹೋದ. ಗಾವಡಗೆರೆಯವನು ಆ ತಿಂಗಳಲ್ಲೇ ಬೇರೆ ಹೆಣ್ಣು ತಂದ.

ಆ ದಿನ ಕೊಟ್ಟಿಗೆಯಲ್ಲಿ ಅತ್ತಿಗೆ ನನ್ನೊಬ್ಬಳನ್ನೇ ನಿಲ್ಲಿಸಿ ಕೇಳಿದಳು. "ನಿಜ್ವಾಗ್ಲೂ ನಿಮ್ಮಣ್ಣನೇನಮ್ಮಿ?"

"ಊಂ."

"ಅಂಗಾರೆ ಬರ್ಲಿ," ಅಂದು ಸಗಣಿ ಎತ್ತತೊಡಗಿದಳು.

ಅವನು ಬರಲಿಲ್ಲ. ಯುದ್ಧ ಮುಗಿದು, ಬದುಕಿದ್ದವರೆಲ್ಲ ಟ್ರಂಕು ಹೊತ್ತುಕೊಂಡು ಕೊಪ್ಪದ ರಸ್ತೆಯಲ್ಲಿ ಬಸ್ಸಿಳಿದು ಅವರವರ ಊರು ಸೇರಿದರು. ಅವ್ವ ಪ್ರತಿ ಹಬ್ಬಕ್ಕೂ ಅಣ್ಣನಿಗೆ ಒಂದು ಎಲೆ ಹಾಕಿಸಿದಳು. ಅತ್ತಿಗೆ ಬಳೆ ತೊಟ್ಟು ಕುಂಕುಮ ಇಟ್ಟುಕೊಂಡು, ಇಲ್ಲದ ಗಂಡನ ಮುತ್ತೈದೆಯಾಗಿ ಆ ಎಲೆಗೆ ಬಡಿಸಿದಳು. ಇನ್ನು ನಾನು, ಅವಳನ್ನು ಬಿಟ್ಟಿರಲಾರದವಳು, ಕೋಟೆ ತಾಲ್ಲೂಕಿನ ಕಡೆಗೆ ಮದುವೆಯಾಗಿ ಸುಖವಾಗಿ ಹೊರಟುಹೋದೆ. ನನ್ನ ಪೆಟ್ಟಿಗೆಗೆ ಸೀರೆ ಮಡಿಸಿ ಇಟ್ಟವಳು ಅವಳೇ. ನನಗೆ ಮೂರು ಮಕ್ಕಳಾದವು, ಮೂರು ಬಾಣಂತನವನ್ನೂ ಅವಳೇ ಮಾಡಿದಳು. ಪ್ರತಿ ಸಲವೂ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಎಣ್ಣೆನೀರು ಹಾಕಿಸಿಕೊಂಡು, ಬಿಸಿ ಅನ್ನ ಉಂಡು, ಬಾಯಿ ಮುಚ್ಚಿಕೊಂಡು ವಾಪಸು ಹೋಗುತ್ತಿದ್ದೆ. ನಾಚಿಕೆಗೆಟ್ಟವಳು.

ಅವ್ವ ಸತ್ತು, ತಿಥಿ ಕಳೆದ ಮಾರನೆಯ ದಿನ ಅತ್ತಿಗೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬಟ್ಟೆಯ ಎರಡು ಬದಿ, ಬಲಗೈ, ನನ್ನ ಊಂ, ಯಾಕೆ ಅಂದೆ ಎಂಬುದೂ. ಅವಳು ಮೊರ ನಿಲ್ಲಿಸಲಿಲ್ಲ.

"ಆಗ ನಿಂಗೆಷ್ಟು ವರ್ಸ?" ಎಂದು ಕೇಳಿದಳು.

"ಹನ್ನೊಂದು."

ಹೇಳಿ ಸ್ವಲ್ಪ ಹಗುರಾದೆ. ಏನೂ ಅರಿಯದ ಕೂಸು, ಹೋಗಲಿ ಬಿಡು ಎನ್ನುತ್ತಾಳೆ ಎಂದು ಕಾದೆ. ಆ ಒಂದು ಮಾತಿಗಾಗಿಯೇ ನಾನು ಬಂದಿದ್ದೆ.

"ಅನ್ನೊಂದಕ್ಕೆ ಸುಳ್ಳಾಡ್ದೆ, ಸರಿ," ಅಂದಳು ಅತ್ತಿಗೆ. "ಅನ್ನೆರಡಕ್ಕೆ ಯೋಳ್ಬೋದಾಗಿತ್ತು. ಅದ್ಮೂರಕ್ಕೆ ಯೋಳ್ಬೋದಾಗಿತ್ತು. ನನ್ ತಲೇಲಿ ಕರೀ ಕೂದ್ಲು ಇರೋಗಂಟ ಯಾವತ್ ಬೇಕಾದ್ರೂ ಯೋಳ್ಬೋದಾಗಿತ್ತು."