ಸೆರಗು ಹಿಡಿಯುವ ಅಲೆ

ನನ್ನ ಹೆಂಡತಿ ಸೆರಗು ಎಳೆದು ನೋಡದೆ ನಾನು ಮಾಡಿದ ಯಾವ ಮರದ ಚಿತ್ರವೂ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮರಗೆಲಸ ಮಾಡಿ ಮಾಡಿ ನನ್ನ ಬೆರಳುಗಳು ಜಡ್ಡುಗಟ್ಟಿವೆ. ಒರಟು ಯಾವುದು, ನುಣುಪು ಯಾವುದು ಅವಕ್ಕೆ ತಿಳಿಯುವುದೇ ಇಲ್ಲ. ಹಾಗಾಗಿ ಉಜ್ಜಿ ಮುಗಿಸಿದ ತುಂಡನ್ನು ಅವಳ ಮುಂದೆ ಇಡುತ್ತಿದ್ದೆ. ಅವಳು ತನ್ನ ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಅದರ ಮೇಲೆ ಹಾಸಿ ಮೆಲ್ಲಗೆ ಎಳೆಯುತ್ತಿದ್ದಳು. ಎಲ್ಲಾದರೂ ಸಣ್ಣ ಸಿಬಿರು ಉಳಿದಿದ್ದರೆ ದಾರ ಸಿಕ್ಕಿಕೊಳ್ಳುತ್ತಿತ್ತು. “ಇಲ್ಲಿ ಹಿಡೀತು ನೋಡ್ರಿ,” ಎನ್ನುವಳು. ಸೆರಗು ತಾನಾಗಿ ಜಾರಿದರೆ, “ಸಾಕು ಬಿಡ್ರಿ.” ಆ ಮಾತು ಬಂದ ಮೇಲೆಯೇ ನಾನು ಎದ್ದು ಕೈ ತೊಳೆಯುತ್ತಿದ್ದುದು.

ಹೊಸಪೇಟೆಯಲ್ಲಿ ಬಾಗಿಲು, ಕಪಾಟು ಮಾಡಿಕೊಂಡು ಬದುಕಿದವನು ನಾನು. ಬಣ್ಣ ಬಳಿಯದೆ, ಬೇರೆ ಬೇರೆ ಮರಗಳ ತುಂಡು ಜೋಡಿಸಿ, ಅವುಗಳ ಹುಟ್ಟುಬಣ್ಣದಿಂದಲೇ ಚಿತ್ರ ಕೂಡಿಸುವ ಹುಚ್ಚು ಹಿಡಿದದ್ದು ಫೋನಿನಲ್ಲಿ ಯಾರದೋ ಕೈಚಳಕ ನೋಡಿ. ಕತ್ತರಿಸುವುದೇನು ಮಹಾ, ಜೀವ ಬರುವುದು ಉಜ್ಜಿದಾಗ. ಒಂದು ತುಂಡಿನ ಎತ್ತರವನ್ನು ಪಕ್ಕದ ತುಂಡಿನ ಅಂಚಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಆ ಗೆರೆಯ ತನಕ ಅರ ಹಿಡಿದು ತೇದು ಇಳಿಸಬೇಕು. ಚಿತ್ರದಲ್ಲಿ ಮುಂದಿರುವುದು ಉಬ್ಬಬೇಕು, ಹಿಂದಿರುವುದು ತಗ್ಗಬೇಕು. ದುಂಡಗಿನ ಮೈ ಬೇಕಾದಲ್ಲಿ ಡ್ರಿಲ್ಲಿಗೆ ಸಿಕ್ಕಿಸಿದ, ಸ್ಯಾಂಡ್ ಪೇಪರ್ ಸುತ್ತಿದ ರಬ್ಬರ್ ಉರುಳೆ, ಆಮೇಲೆ ಕೈಯಲ್ಲೇ ಪೇಪರ್, ಒರಟಿನಿಂದ ನಯದ ಕಡೆಗೆ. ಅದೂ ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಆಗ ಏನೂ ಕಾಣುವುದಿಲ್ಲ. ಎಣ್ಣೆ ಹಚ್ಚಿದೊಡನೆ ಬೆಕ್ಕು ಪರಚಿದ ಹಾಗೆ ಗೀರುಗಳೆಲ್ಲ ಎದ್ದು ಕೂರುತ್ತವೆ.

ಇಷ್ಟೆಲ್ಲ ಗೊತ್ತಿದ್ದ ನನಗೆ ನಿಲ್ಲಿಸುವುದೊಂದು ಗೊತ್ತಿರಲಿಲ್ಲ. ಕೂತರೆ ಉಜ್ಜುತ್ತಲೇ ಇರುವುದು ನನ್ನ ಸ್ವಭಾವ. ಒಮ್ಮೆ ಸಂಡೂರಿನ ಹಳೆ ಮನೆಯೊಂದರ ಬಾಗಿಲ ಹಲಗೆ ತಂದು ಹಂಪಿಯ ಬಂಡೆಗಳನ್ನು ಮಾಡುತ್ತಿದ್ದೆ. ಅಲ್ಲಿನ ಗಣಿಗಳ ಕೆಂಪು ಅದಿರಿನ ಧೂಳು ಎಳೆಯೊಳಗೆ ಇಳಿದು ಆ ಮರ ಚೆಂದವಾಗಿ ಕೆಂಪೇರಿತ್ತು.

“ಏನ್ರೀ, ಇನ್ನೂ ಉಜ್ಜಿದ್ರ ಸಂಡೂರು ಹೋಗಿ ಬರೇ ಕಟ್ಟಿಗಿ ಉಳೀತೈತಿ. ಸಾಕು ಬಿಡ್ರಿ!” ಎಂದು ಅವಳು ನನ್ನ ಕೈಯಿಂದ ಪೇಪರನ್ನೇ ಕಿತ್ತುಕೊಂಡಳು.

“ಬಡಿಗ ನಾನೋ ನೀನೋ?” ಎಂದು ರೇಗಿದೆ.

“ಬಡಿಗ್ಯಾರು ನೀವ. ಆದ್ರ ಕಣ್ಣು ನನಗೂ ಅದಾವಲ್ರಿ,” ಎಂದು ನಕ್ಕಳು. ನೋಡಿದರೆ ಅವಳು ಹೇಳಿದ್ದೇ ಸರಿ. ಸಿಟ್ಟಿನಲ್ಲೇ ಚಹಾ ಕುಡಿದೆ.

ಅವಳ ತವರು ಹೊಳೆದಂಡೆಯ ಕಂಪ್ಲಿ. ತವರಿನ ಹಿತ್ತಲಿನ ಮಾವಿನ ಮರ ಗಾಳಿಗೆ ಬಿದ್ದಾಗ, ಅದರದೊಂದು ಹಲಗೆ ಕೊಯ್ಸಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. “ಎಲ್ಲಾರಿಗೂ ಮಾರಾಕ ಮಾಡ್ತೀರಿ. ನನಗೊಂದು ನಮ್ಮ ಹೊಳಿ ಮಾಡಿಕೊಡ್ರಿ,” ಎಂದಳು. ಅವಳು ಬಾಯಿಬಿಟ್ಟು ಕೇಳಿದ ಚಿತ್ರ ಅದೊಂದೇ. ಆ ಹಲಗೆಯ ನಸುಬೂದು ಎಳೆಗಳು ನಿಜಕ್ಕೂ ನೀರಿನಂತೆಯೇ ಹರಿದಿದ್ದವು. ದಡದ ಬಂಡೆಗೆ ಬೇವು, ಸಂಜೆಯ ಆಕಾಶಕ್ಕೆ ಹಲಸು, ಹರಿಗೋಲಿಗೆ ಬೀಟೆ ಆರಿಸಿದೆವು. ಅವೆಲ್ಲ ಮುಗಿದವು. ನೀರಿನ ಕೆಲಸ ಬಾಕಿಯಿತ್ತು. ಅಷ್ಟರಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಎಷ್ಟೋ ತಿಂಗಳು ಆ ಚಿತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ನಾನು ತೆಗೆಯಲಿಲ್ಲ. ಕೊನೆಗೆ, ಅವಳ ಹೊಳೆಯನ್ನು ಅರ್ಧಕ್ಕೇ ಬಿಟ್ಟು ನಾನೂ ಹೋಗಿಬಿಟ್ಟರೆ ಏನು ಗತಿ ಎನಿಸಿ, ಧೈರ್ಯ ಮಾಡಿ ಕೂತೆ. ಒಂದೊಂದೇ ಅಲೆ ಕೂಡಿಸುತ್ತ ಬಂದು, ಹರಿಗೋಲಿಗೆ ತಾಗುವ ಕೊನೆಯ ಅಲೆಯನ್ನು ಉಜ್ಜತೊಡಗಿದೆ. ಉಜ್ಜಿದೆ, ಉಜ್ಜಿದೆ. ಸಾಕು ಎನ್ನುವ ಮಾತಿಗೆ ಕಾಯುತ್ತಿದ್ದೆನೆಂದು ಆಮೇಲೆ ಹೊಳೆಯಿತು. ತುಂಡನ್ನು ಜಾಗದಲ್ಲಿ ಇಟ್ಟರೆ ಹರಿಗೋಲಿಗೂ ನೀರಿಗೂ ನಡುವೆ ಉಗುರು ಹೋಗುವಷ್ಟು ಸಂದು! ಥೂ, ನನ್ನ ಕೈಗಿಷ್ಟು ಬೆಂಕಿ ಹಾಕ! ಅತಿಯಾದರೆ ಅಮೃತವೂ ವಿಷ ಅಂತ ನಮ್ಮವ್ವ ಸುಮ್ಮನೆ ಹೇಳುತ್ತಿದ್ದಳೇ?

ಆ ಹಲಗೆಯಲ್ಲಿ ಇನ್ನೊಂದು ಅಲೆಗಾಗುವಷ್ಟೇ ಮರ ಉಳಿದಿತ್ತು. ಇದೂ ಹೋದರೆ ಅವಳ ತವರಿನ ನೀರನ್ನು ಮತ್ತೆ ಎಲ್ಲಿಂದ ತರಲಿ? ಗುರುತನ್ನು ಎರಡೆರಡು ಸಲ ಅಳೆದು ಕತ್ತರಿಸಿದೆ. ಅರದಿಂದ ಗೆರೆಯ ತನಕ ಇಳಿಸಿ, ಪೇಪರ್ ಹಿಡಿದು ಸ್ವಲ್ಪ ಉಜ್ಜಿ, ಎದ್ದುಬಿಟ್ಟೆ. ಟ್ರಂಕಿನಿಂದ ಅವಳ ಇಳಕಲ್ ಸೀರೆ ತೆಗೆದೆ. ಮಡಿಕೆಯಲ್ಲಿ ಇನ್ನೂ ಮರದ ಪುಡಿಯಿತ್ತು. ಮುಖಕ್ಕೆ ಒತ್ತಿಕೊಂಡು ಅತ್ತೆ.

ಆಮೇಲೆ ಸೆರಗನ್ನು ಅಲೆಯ ಮೇಲೆ ಹಾಸಿ ಎಳೆದೆ. ಜಾರಿತು, ಜಾರಿತು, ಅಲೆಯ ನೆತ್ತಿಯ ಹತ್ತಿರ ಹಿಡಿಯಿತು. ಕೈ ತಾನಾಗಿ ಪೇಪರಿನ ಕಡೆ ಹೋಯಿತು. ತುಂಡನ್ನು ಮತ್ತೆ ಜಾಗದಲ್ಲಿಟ್ಟು ನೋಡಿದೆ. ನೀರು ಹರಿಗೋಲಿಗೆ ಸರಿಯಾಗಿ ತಾಗಿತ್ತು. ಇನ್ನೊಮ್ಮೆ ಉಜ್ಜಿದರೆ ಸಿಬಿರೂ ಹೋಗುತ್ತಿತ್ತು, ಆ ತಾಗುವಿಕೆಯೂ ಹೋಗುತ್ತಿತ್ತು.

“ಸಾಕು ಬಿಡ್ರಿ,” ಎಂದೆ, ನನಗೆ ನಾನೇ, ಗಟ್ಟಿಯಾಗಿ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಸೇರಲಿಲ್ಲ. ಆದರೂ ಪೇಪರ್ ಕೆಳಗಿಟ್ಟೆ. ಅಂಟು ಹಾಕಿ, ಎಣ್ಣೆ ಹಚ್ಚಿ ಒಣಗಲು ಬಿಟ್ಟೆ.

ಈಗ ಆ ಹೊಳೆ ನಡುಮನೆಯ ಗೋಡೆಯ ಮೇಲಿದೆ. ಈ ಊರಿನ ಧೂಳಿಗೆ ದಿನಾ ಒರೆಸಲೇಬೇಕು. ಸೀರೆಯ ಹರಿದ ತುದಿಯನ್ನೇ ಒರೆಸುವ ಬಟ್ಟೆ ಮಾಡಿಕೊಂಡಿದ್ದೇನೆ. ಬಂಡೆ ದಾಟಿ, ಹರಿಗೋಲು ದಾಟಿ, ಆ ಕೊನೆಯ ಅಲೆಗೆ ಬಂದಾಗ ಅದು ಹಿಡಿಯುತ್ತದೆ. ಬಿಡಿಸಿಕೊಳ್ಳಲು ನಾನು ಅವಸರ ಮಾಡುವುದಿಲ್ಲ.